ಓದುಗರ ಪ್ರಶ್ನೆ: ಕಂಪನಿಯ ಹಣ, ಪಂಚಾಯಿತಿಯ ಜಾಗ, ಊರಿನ ನೀರು

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಶಿವಮೊಗ್ಗ ಜಿಲ್ಲೆಯವು. ಸರ್ಕಾರ, ಕಂಪನಿ, ಊರಿನ ಸಂಘ ಮೂರೂ ಸೇರಿ ಕೆಲಸ ಮಾಡುವುದು ಹೇಗೆ, ಎಲ್ಲಿ ಎಡವುತ್ತೇವೆ ಎಂಬುದೇ ಎಲ್ಲ ಪತ್ರಗಳ ವಿಷಯ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ಯುವಕ ಸಂಘ. ನೋಂದಣಿಯಾಗಿ ಎಂಟು ವರ್ಷವಾಯಿತು. ಊರಿನ ಮೂರು ಕೇರಿಗಳಿಗೆ ಬೇಸಿಗೆಯಲ್ಲಿ ನೀರಿಲ್ಲ. ಬೆಂಗಳೂರಿನ ಒಂದು ಕಂಪನಿ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣದಲ್ಲಿ ಸೋಲಾರ್ ಪಂಪು, ಟ್ಯಾಂಕು, ಪೈಪ್‌ಲೈನ್ ಮಾಡಿಸಲು ಒಪ್ಪಿದೆ. ಚೆಕ್ ಸಂಘದ ಹೆಸರಿಗೇ ಬರಬೇಕಾದರೆ ಏನೇನು ಕಾಗದ ಬೇಕು?

ಉತ್ತರ: ಸಂಘದ ನೋಂದಣಿ ಪತ್ರ ಒಂದಿದ್ದರೆ ಸಾಲದು. ಕಂಪನಿ ಕಾಯ್ದೆಯ 135ನೇ ಕಲಂ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಿಂದಿನ ವರ್ಷ ₹500 ಕೋಟಿ ನಿವ್ವಳ ಆಸ್ತಿ, ₹1,000 ಕೋಟಿ ವಹಿವಾಟು, ₹5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಯಾವುದಾದರೊಂದನ್ನು ಮುಟ್ಟಿದ ಕಂಪನಿ ತನ್ನ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಈ ಹಣವನ್ನು ಹೊರಗಿನ ಸಂಸ್ಥೆಯ ಕೈಗೆ ಕೊಡುವುದಾದರೆ ಆ ಸಂಸ್ಥೆಗೆ ಆದಾಯ ತೆರಿಗೆ ಇಲಾಖೆಯ 12ಎ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ) ಮತ್ತು 80ಜಿ (ದಾನಿಗೆ ತೆರಿಗೆ ರಿಯಾಯಿತಿ) ನೋಂದಣಿ ಇರಬೇಕು, ಅಂಥದೇ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ಇರಬೇಕು. 2021ರ ಏಪ್ರಿಲ್‌ನಿಂದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ಅರ್ಜಿ ಹಾಕಿ ಪಡೆದ ಸಂಖ್ಯೆಯೂ ಬೇಕು. ಈ ಅರ್ಜಿಗೆ ಸಂಘದ ಪ್ಯಾನ್, ಪದಾಧಿಕಾರಿಯ ಡಿಜಿಟಲ್ ಸಹಿ, ಲೆಕ್ಕ ಪರಿಶೋಧಕರ ದೃಢೀಕರಣ ಬೇಕಾಗುತ್ತದೆ. ಎಂಟು ವರ್ಷದ ಸಂಘವಾದರೂ ವರ್ಷ ವರ್ಷದ ಆಡಿಟ್ ಆಗಿರದಿದ್ದರೆ 12ಎ ಹಂತದಲ್ಲೇ ಕೆಲಸ ನಿಲ್ಲುತ್ತದೆ.

ಇವೆಲ್ಲ ಇಲ್ಲದಿದ್ದರೆ ಮೊದಲ ಕೆಲಸಕ್ಕೆ ಚೆಕ್ಕಿನ ಹಟ ಬೇಡ. ಕಂಪನಿಯೇ ನೇರವಾಗಿ ಗುತ್ತಿಗೆ ಕೊಟ್ಟು ಕೆಲಸ ಮಾಡಿಸಬಹುದು. ಇಲ್ಲವೇ ಈಗಾಗಲೇ ಸಿಎಸ್‌ಆರ್-1 ಸಂಖ್ಯೆ ಇರುವ ಟ್ರಸ್ಟ್ ಒಂದರ ಮೂಲಕ ಹಣ ಬರಲಿ. ಜಾಗ ತೋರಿಸುವುದು, ಅಳತೆ ನೋಡುವುದು, ಮುಂದೆ ನಡೆಸುವುದು ನಿಮ್ಮ ಪಾಲಿಗಿರಲಿ. ಹಣ ಯಾರ ಖಾತೆಗೆ ಬಂತು ಎನ್ನುವುದಕ್ಕಿಂತ ಪಂಪು ಯಾರ ಆಸ್ತಿ ಎನ್ನುವುದು ದೊಡ್ಡ ಪ್ರಶ್ನೆ. ಸಿಎಸ್‌ಆರ್ ಹಣದಿಂದ ಆದ ಆಸ್ತಿಯನ್ನು ಕಂಪನಿ ತನ್ನ ಹೆಸರಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ಅದು ಸಿಎಸ್‌ಆರ್ ಸಂಖ್ಯೆ ಇರುವ ಧರ್ಮಾರ್ಥ ಸಂಸ್ಥೆಯದಾಗಿರಬೇಕು, ಸ್ವಸಹಾಯ ಸಂಘದಂಥ ಫಲಾನುಭವಿಗಳ ಗುಂಪಿನದಾಗಿರಬೇಕು, ಇಲ್ಲವೇ ಸರ್ಕಾರಿ ಪ್ರಾಧಿಕಾರದ್ದಾಗಿರಬೇಕು. ಕುಡಿಯುವ ನೀರಿಗಾದರೆ ಗ್ರಾಮ ಪಂಚಾಯಿತಿಯ ಹೆಸರೇ ವಾಸಿ. ವಿದ್ಯುತ್ ಸಂಪರ್ಕ, ನೀರುಗಂಟಿಯ ಸಂಬಳ, ಮುಂದಿನ ಅನುದಾನ ಎಲ್ಲದಕ್ಕೂ ಅದೇ ದಾರಿ.

ಹಾಗಾಗಿ ಮೊದಲು ಗ್ರಾಮ ಸಭೆ, ಆಮೇಲೆ ಪಂಚಾಯಿತಿಯ ಸಾಮಾನ್ಯ ಸಭೆಯ ನಿರ್ಣಯ. ನಡವಳಿ ಪುಸ್ತಕದ ಪ್ರತಿಯನ್ನು ಪಿಡಿಒ ಸಹಿಯೊಂದಿಗೆ ಕೈಗೆ ಪಡೆಯಿರಿ. ನಿಮ್ಮ ಕೇರಿಗಳಿಗೆ ಜಲಜೀವನ್ ಮಿಷನ್ ಪೈಪ್ ಆಗಲೇ ಬಂದಿದೆಯೇ, ಬಂದಿದ್ದರೆ ನೀರು ಎಲ್ಲಿ ನಿಂತಿದೆ ಎಂಬುದನ್ನೂ ಆ ಸಭೆಯಲ್ಲೇ ಬರೆಸಿ. ಒಂದೇ ಕೇರಿಗೆ ಎರಡು ಪೈಪು ಹಾಕುವುದಕ್ಕಿಂತ ಮೊದಲಿನದರಲ್ಲಿ ಕೊರತೆಯಿರುವ ಜಲಮೂಲವನ್ನೋ ಟ್ಯಾಂಕನ್ನೋ ಕಂಪನಿ ಹಣದಲ್ಲಿ ಪೂರೈಸುವುದು ಜಾಣತನ.

ಎಸ್ಟಿಮೇಟ್‌ಗೆ ಮೊದಲು ನೀರು ಅಳೆಯಿರಿ. ಏಪ್ರಿಲ್ ಕೊನೆಯಲ್ಲೋ ಮೇ ಮೊದಲ ವಾರದಲ್ಲೋ ಅಳೆಯಬೇಕು. ಡಿಸೆಂಬರ್‌ನಲ್ಲಿ ನೋಡಿದರೆ ಮಲೆನಾಡಿನ ಎಲ್ಲ ಹಳ್ಳವೂ ತುಂಬಿದಂತೆಯೇ ಕಾಣುತ್ತದೆ. 15 ಲೀಟರ್ ಬಕೆಟ್ ಹಿಡಿದು ತುಂಬಲು ಎಷ್ಟು ಸೆಕೆಂಡ್ ಬೇಕು ಎಂದು ಮೂರು ಸಲ ನೋಡಿ, ಸರಾಸರಿ ತೆಗೆಯಿರಿ. 30 ಸೆಕೆಂಡ್ ಆದರೆ ಸೆಕೆಂಡಿಗೆ ಅರ್ಧ ಲೀಟರ್, ದಿನಕ್ಕೆ 43,200 ಲೀಟರ್. ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂಬುದು ಜಲಜೀವನ್ ಲೆಕ್ಕ. 60 ಮನೆ, ಮನೆಗೆ ಐದು ಜನರೆಂದರೆ 16,500 ಲೀಟರ್. ಹಾಗಿದ್ದರೆ ಆ ಒರತೆ ಧಾರಾಳ ಸಾಕು. ಮಿಕ್ಕ ನೀರು ಹಳ್ಳದ ಕೆಳಗಿನ ತೋಟದವರದ್ದು. ಅವರನ್ನೂ ಸಭೆಗೆ ಕರೆಯಿರಿ. ಕರೆಯದೆ ಹೋದರೆ ಮೊದಲ ಬೇಸಿಗೆಯಲ್ಲೇ ಪೈಪು ಕಡಿಯುವ ಜಗಳ ಕಟ್ಟಿಟ್ಟದ್ದು.

ಒರತೆ ಮನೆಗಳಿಗಿಂತ ಮೇಲಿದ್ದರೆ ಸೋಲಾರ್ ಪಂಪನ್ನೇ ಬಿಟ್ಟುಬಿಡಿ. ಅಬ್ಬಿ ನೀರನ್ನು ಸೀಳಿದ ಅಡಿಕೆ ಮರದ ದಬ್ಬೆಯಲ್ಲಿ ಮನೆಗೆ ತಂದುಕೊಂಡ ಊರುಗಳು ನಮ್ಮವು. ಆ ಉಪಾಯವನ್ನೇ ಎಚ್‌ಡಿಪಿಇ ಪೈಪಿನಲ್ಲಿ ಮುಂದುವರಿಸಿದರಾಯಿತು. ಹತ್ತು ಮೀಟರ್ ಇಳಿಜಾರಿಗೆ ಸುಮಾರು ಒಂದು ಕೆಜಿ ಒತ್ತಡ. ಅಂಗಡಿಯಲ್ಲಿ ಸಿಗುವ 6 ಕೆಜಿ ಪೈಪಿಗೆ 60 ಮೀಟರ್ ಇಳಿಜಾರು ಕಟ್ಟಿಬಿಟ್ಟರೆ ರಾತ್ರಿ ಎಲ್ಲ ನಲ್ಲಿಯೂ ಮುಚ್ಚಿದ ಹೊತ್ತಿಗೆ ಜಾಯಿಂಟು ಬಿಚ್ಚಿಕೊಳ್ಳುತ್ತದೆ. ಆದ್ದರಿಂದ ಪ್ರತಿ 40–50 ಮೀಟರ್ ಇಳಿತಕ್ಕೆ ಮೇಲೆ ತೆರೆದ ಒಂದು ಸಣ್ಣ ತೊಟ್ಟಿ ಕಟ್ಟಿಸಿ. ಅಲ್ಲಿಗೆ ಒತ್ತಡ ಸೊನ್ನೆಯಾಗಿ ಹೊಸದಾಗಿ ಶುರುವಾಗುತ್ತದೆ. ಪೈಪು ದಿಬ್ಬ ಹತ್ತಿಳಿಯುವ ಕಡೆ ಗಾಳಿ ಕಟ್ಟಿಕೊಂಡು ನೀರು ನಿಲ್ಲುತ್ತದೆ, ಆ ನೆತ್ತಿಯಲ್ಲಿ ಏರ್ ವಾಲ್ವ್ ಬೇಕು. ಪೈಪಿನ ಚರಂಡಿಯ ಆಳ ಎರಡೂವರೆ ಅಡಿಗಿಂತ ಕಡಿಮೆ ಬೇಡ, ಹಂದಿ ಕೆದಕುತ್ತದೆ.

ಪಂಪೇ ಬೇಕಾದ ಜಾಗವಾದರೆ ಸೋಲಾರ್ ತಪ್ಪಲ್ಲ. ಮಳೆಗಾಲದಲ್ಲಿ ಬಿಸಿಲಿಲ್ಲ ಎಂಬ ಹೆದರಿಕೆ ಬೇಡ. ಆಗ ನೀರಿಗೆ ಬರವೂ ಇಲ್ಲ. ಮರದ ನೆರಳು ಬೀಳದ ಜಾಗ, ಸಿಡಿಲು ನಿರೋಧಕ, ಸರಿಯಾದ ಅರ್ಥಿಂಗ್ ಈ ಮೂರನ್ನು ಎಸ್ಟಿಮೇಟ್‌ನಲ್ಲೇ ಬರೆಸಿ. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿ ಅರ್ಥಿಂಗ್ ಕೆಡುತ್ತದೆ, ಏಪ್ರಿಲ್–ಮೇ ಗುಡುಗಿಗೆ ಕಂಟ್ರೋಲರ್ ಸುಟ್ಟುಹೋಗುತ್ತದೆ.

ಇನ್ನು ತಿಂಗಳುಗಳ ಲೆಕ್ಕ. ಕಂಪನಿಯ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ನಮ್ಮಲ್ಲಿ ಮಣ್ಣು ಅಗೆಯಲು ಬರುವುದೇ ಡಿಸೆಂಬರ್ ಹೊತ್ತಿಗೆ, ಆಗ ಅಡಿಕೆ ಕೊಯ್ಲು ನಡೆದಿರುತ್ತದೆ, ಆಳು ಸಿಗುವುದಿಲ್ಲ. ಹಾಗಾಗಿ ಫೆಬ್ರುವರಿಯಲ್ಲಿ ಶುರುಮಾಡಿ ಮಾರ್ಚ್ ಕೊನೆಗೆ ಬಿಲ್ ಮಾಡುವ ಧಾವಂತದಲ್ಲಿ ಪೈಪು ಅರ್ಧ ಅಡಿ ಆಳಕ್ಕೆ ಹೋಗುತ್ತದೆ. ಇದಕ್ಕೆ ಕಾನೂನಿನಲ್ಲೇ ದಾರಿಯಿದೆ. ಕೆಲಸವನ್ನು 'ಚಾಲ್ತಿ ಯೋಜನೆ' ಎಂದು ಕಂಪನಿಯ ಮಂಡಳಿ ಮೊದಲೇ ಬರೆದುಕೊಂಡರೆ, ಆರಂಭದ ವರ್ಷ ಬಿಟ್ಟು ಇನ್ನೂ ಮೂರು ವರ್ಷದವರೆಗೆ ಅವಧಿ ಇದೆ. ಉಳಿದ ಹಣವನ್ನು ಏಪ್ರಿಲ್ 30ರೊಳಗೆ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಿದರಾಯಿತು. ಈ ಮಾತನ್ನು ಮಳೆ ಕಳೆಯುವ ಅಕ್ಟೋಬರ್‌ನಲ್ಲೇ ಆಡಿ ಮುಗಿಸಿ.

ಕೊನೆಯದು ತ್ರಿಪಕ್ಷೀಯ ಒಪ್ಪಂದ: ಪಂಚಾಯಿತಿ, ಕಂಪನಿ ಅಥವಾ ಅದರ ಟ್ರಸ್ಟ್, ನಿಮ್ಮ ನೀರು ಸಮಿತಿ. ಮೋಟಾರಿನ ಕ್ರಮಸಂಖ್ಯೆ ಸಮೇತ ಆಸ್ತಿ ಪಟ್ಟಿ, ಕಂತು ಯಾವಾಗ ಬಿಡುಗಡೆ, ಕೆಟ್ಟರೆ ಯಾರಿಗೆ ಹೇಳಬೇಕು, ಎಷ್ಟು ದಿನದೊಳಗೆ ಸರಿಯಾಗಬೇಕು, ಗ್ಯಾರಂಟಿ ಮುಗಿದ ಮೇಲೆ ಯಾರ ಖರ್ಚು, ಇಷ್ಟಾದರೂ ಅದರಲ್ಲಿರಲಿ. ನೀರಿನ ಕರ ತಿಂಗಳಿಗೆ ₹100 ಎಂದು ಇಟ್ಟರೆ 60 ಮನೆಗೆ ವರ್ಷಕ್ಕೆ ₹72,000. ಆದರೆ ತೋಟದವರ ಕೈಗೆ ಹಣ ಬರುವುದು ಮಂಡಿಗೆ ಅಡಿಕೆ ಹೋದಾಗ, ಕೂಲಿಯವರ ಕೈಗೆ ಶನಿವಾರ. ಮೊದಲಿನವರಿಂದ ವರ್ಷಕ್ಕೊಮ್ಮೆ, ಎರಡನೆಯವರಿಂದ ತಿಂಗಳಿಗೆ ಎಂದು ಬರೆದುಕೊಂಡರೆ ಬಾಕಿ ಕಡಿಮೆಯಾಗುತ್ತದೆ.

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರ ಎಸ್‌ಡಿಎಂಸಿಯಿಂದ (ಶಾಲಾಭಿವೃದ್ಧಿ ಸಮಿತಿ) ಬರೆಯುತ್ತಿದ್ದೇವೆ. ದಾನಿ ಕಂಪನಿ ಕೊಟ್ಟ ಆರ್‌ಒ ಯಂತ್ರ ಎರಡನೇ ಮಳೆಗಾಲಕ್ಕೆ ನಿಂತಿತು. ಯೋಜನೆ ಮುಗಿದಿದೆ ಎನ್ನುತ್ತಾರೆ ಕಂಪನಿಯವರು. ನಮ್ಮ ಪಟ್ಟಿಯಲ್ಲಿಲ್ಲ ಎನ್ನುತ್ತದೆ ಪಂಚಾಯಿತಿ.

ಉತ್ತರ: ಕಾಗದದ ಮಟ್ಟಿಗೆ ಇಬ್ಬರ ಮಾತೂ ನಿಜವಿರಬೇಕು, ತೊಂದರೆ ಇರುವುದೇ ಅಲ್ಲಿ. ಮೊದಲು ಯಂತ್ರ ನೋಡೋಣ. ನೀರು ಒಳಬರುವ ಕಡೆಯ ಮೊದಲ ಡಬ್ಬಿ ತಿರುಗಿಸಿ ಬಿಚ್ಚಿ. ಒಳಗಿನ ಬಿಳಿ ನೂಲಿನ ಕ್ಯಾಂಡಲ್ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿ, ಬೆರಳಲ್ಲಿ ಒತ್ತಿದರೆ ಕೆಸರು ಬರುತ್ತಿದ್ದರೆ ಕಾರಣ ಸಿಕ್ಕಿತು. ಜೂನ್–ಜುಲೈನ ಕದಡಿದ ನೀರಿಗೆ ಆ ಕ್ಯಾಂಡಲ್ ಕೆಲವೇ ವಾರ ತಡೆಯುತ್ತದೆ. ಬದಲಿಸದೆ ಬಿಟ್ಟರೆ ಪಂಪು ಒಣಗಿ ಓಡುತ್ತದೆ, ಹಿಂದಿನ ಪೊರೆ ಕಟ್ಟಿಕೊಳ್ಳುತ್ತದೆ.

ಆದರೆ ನಿಮ್ಮ ಶಾಲೆಗೆ ಆರ್‌ಒ ಬೇಕಿತ್ತೇ? ಆರ್‌ಒ ಇರುವುದು ನೀರಿನಲ್ಲಿ ಕರಗಿದ ಲವಣ ತೆಗೆಯಲು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಕರಗಿದ ಒಟ್ಟು ಘನಾಂಶ, ಅಂದರೆ ಟಿಡಿಎಸ್, ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಸರಿ. ನಮ್ಮ ತೆರೆದ ಬಾವಿ, ಹಳ್ಳದ ನೀರು ಮೆದು ನೀರು; ಟಿಡಿಎಸ್ ಮೀಟರ್ ಅದ್ದಿ ನೋಡಿ, ಸಾಮಾನ್ಯವಾಗಿ ಆ ಮಿತಿಯ ಹತ್ತಿರಕ್ಕೂ ಬರುವುದಿಲ್ಲ. ಬಯಲುಸೀಮೆಯ ಬೋರ್‌ವೆಲ್‌ಗೆ ಹೊಂದುವ ಯಂತ್ರವನ್ನು ಒಂದೇ ಪಟ್ಟಿಯಲ್ಲಿ ಎಲ್ಲ ಜಿಲ್ಲೆಗೂ ಹಂಚಿದಾಗ ಹೀಗಾಗುತ್ತದೆ. ಮಲೆನಾಡಿನ ನೀರಿನ ಕಾಟ ಬೇರೆ: ಮಳೆಗಾಲದ ಕೆಸರು ಮತ್ತು ರೋಗಾಣು, ಕೆಲವು ಬೋರ್‌ವೆಲ್‌ಗಳಲ್ಲಿ ಕಬ್ಬಿಣ. ಅದಕ್ಕೆ ಮರಳು ಶೋಧಕ ಮತ್ತು ಕ್ಲೋರಿನ್ ಸಾಕು. ಕಬ್ಬಿಣವಿದ್ದರೆ ನೀರನ್ನು ಎತ್ತರದಿಂದ ತುಂತುರಾಗಿ ಬೀಳಿಸಿ, ಗಾಳಿಯಾಡಿಸಿ, ಆಮೇಲೆ ಶೋಧಿಸಬೇಕು.

ಸಾವಿರ ಲೀಟರ್ ಟ್ಯಾಂಕಿಗೆ ಒಳ್ಳೆಯ ಬ್ಲೀಚಿಂಗ್ ಪೌಡರ್ 2.5 ಗ್ರಾಂ. ಮಗ್ಗಿನಲ್ಲಿ ಕಲಸಿ, ಸುಣ್ಣ ತಳ ಸೇರಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಟ್ಯಾಂಕಿಗೆ ಸುರಿದು ಒಂದು ಗಂಟೆ ಬಿಡಿ. ನಲ್ಲಿಯಲ್ಲಿ ಹಿಡಿದ ನೀರು, ಕ್ಲೋರಿನ್ ಅಳೆಯುವ ಕ್ಲೋರೋಸ್ಕೋಪಿನಲ್ಲಿ ಲೀಟರಿಗೆ 0.2 ಮಿಲಿಗ್ರಾಂಗಿಂತ ಕಡಿಮೆ ತೋರಿಸಬಾರದು. ನೀರು ಕದಡಿದ್ದರೆ ಕ್ಲೋರಿನ್ ಕೆಸರಿಗೇ ಖರ್ಚಾಗುತ್ತದೆ, ಮೊದಲು ಶೋಧಿಸಲೇಬೇಕು. ಬಾಯಿ ತೆರೆದ ಪೌಡರ್ ಚೀಲ ನಮ್ಮ ಥಂಡಿಗೆ ಬೇಗ ಸತ್ವ ಕಳೆದುಕೊಳ್ಳುತ್ತದೆ. ಸಣ್ಣ ಪೊಟ್ಟಣ ತಂದು ಬಿಗಿ ಡಬ್ಬಿಯಲ್ಲಿಡಿ. ನೀರು ಪರೀಕ್ಷೆಗೆ ಊರಿಗೆ ಐವರು ಮಹಿಳೆಯರಿಗೆ ತರಬೇತಿ ಕೊಡುವ ಏರ್ಪಾಡು ಜಲಜೀವನ್ ಮಿಷನ್ನಿನಲ್ಲಿದೆ, ಕಿಟ್ ಪಂಚಾಯಿತಿಯಲ್ಲಿ ಕೇಳಿ.

ಕಾಗದದ ಕೆಲಸ ಹೀಗೆ: ಕಂಪನಿಯಿಂದ ಹಸ್ತಾಂತರ ಪತ್ರ ಕೇಳಿ, ಎಸ್‌ಡಿಎಂಸಿ ನಿರ್ಣಯ ಮಾಡಿ, ಯಂತ್ರವನ್ನು ಶಾಲೆಯ ದಾಸ್ತಾನು ಪುಸ್ತಕಕ್ಕೆ ಹತ್ತಿಸಿ. ಅದೇ ಪತ್ರದಲ್ಲಿ ರಿಪೇರಿಯ ಬದಲು ಮರಳು ಶೋಧಕ ಕೇಳಿ, ಟಿಡಿಎಸ್ ಮತ್ತು ರೋಗಾಣು ಪರೀಕ್ಷೆಯ ವರದಿ ಲಗತ್ತಿಸಿ. ವರದಿ ಜೊತೆಗಿರುವ ಮನವಿಯನ್ನು ಕಂಪನಿಯ ಸಮಿತಿಯ ಮುಂದಿಡುವುದು ಸುಲಭ.

ಪ್ರಶ್ನೆ: ಹೊಸನಗರ ತಾಲ್ಲೂಕು. ಅಂಗನವಾಡಿ ಕಟ್ಟಲು ಕಂಪನಿ ಸಿದ್ಧವಿದೆ. ಊರಿನಲ್ಲಿರುವ ಜಾಗವೆಲ್ಲ ಕಾನು (ದಟ್ಟ ಕಾಡು), ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು). ಅರಣ್ಯ ಇಲಾಖೆ ತಡೆಯುತ್ತದೆಯೇ?

ಉತ್ತರ: ಕಾಗದವಿಲ್ಲದೆ ಪಾಯ ತೆಗೆದರೆ ತಡೆಯುತ್ತದೆ, ತಡೆಯಬೇಕಾದ್ದೂ ಹೌದು. ಪಹಣಿ ಮತ್ತು ಸರ್ವೆ ನಕ್ಷೆ ತೆಗೆಸಿ ಜಾಗ ಯಾವ ವರ್ಗದ್ದು ಎಂದು ಖಚಿತಮಾಡಿಕೊಳ್ಳಿ. ಅರಣ್ಯವೆಂದಾದರೆ 2006ರ ಅರಣ್ಯ ಹಕ್ಕು ಕಾಯ್ದೆಯ 3(2) ಕಲಂ ನೋಡಿ. ಅಂಗನವಾಡಿ, ಶಾಲೆ, ಆಸ್ಪತ್ರೆ, ಕುಡಿಯುವ ನೀರಿನ ಪೈಪು, ರಸ್ತೆ, ಸಮುದಾಯ ಭವನ ಸೇರಿ 13 ಬಗೆಯ ಸೌಕರ್ಯಗಳಿಗೆ ಒಂದು ಹೆಕ್ಟೇರ್ ಒಳಗಿನ ಅರಣ್ಯ ಭೂಮಿ ಕೊಡಬಹುದು. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ, ಗ್ರಾಮ ಸಭೆಯ ಶಿಫಾರಸು ಬೇಕು. ಸೌಕರ್ಯವನ್ನು ಸರ್ಕಾರವೇ ನಡೆಸುವಂತಿರಬೇಕು. ಆದ್ದರಿಂದ ಅರ್ಜಿ ಕಂಪನಿಯ ಹೆಸರಿನಲ್ಲಾಗಲಿ ಟ್ರಸ್ಟಿನ ಹೆಸರಿನಲ್ಲಾಗಲಿ ಬೇಡ. ಇಲಾಖೆಯೋ ಪಂಚಾಯಿತಿಯೋ ಹಾಕಲಿ. ಅದು ವಲಯ ಅರಣ್ಯಾಧಿಕಾರಿಯ ಮೂಲಕ ವಿಭಾಗದ ಅರಣ್ಯಾಧಿಕಾರಿ (ಡಿಎಫ್‌ಒ) ಮುಂದೆ ಹೋಗುತ್ತದೆ. ಅರಣ್ಯ ಹಕ್ಕಿನ ಗ್ರಾಮ ಸಭೆಗೆ ಸದಸ್ಯರಲ್ಲಿ ಅರ್ಧದಷ್ಟು ಜನ ಬಂದಿರಬೇಕು, ಬಂದವರಲ್ಲಿ ಮೂರನೇ ಒಂದು ಪಾಲು ಮಹಿಳೆಯರಿರಬೇಕು. ಕೊಯ್ಲಿನ ದಿನಗಳಲ್ಲಿ ಸಭೆ ಇಟ್ಟರೆ ಕೋರಂ ಆಗುವುದಿಲ್ಲ. ಈ ವಿನಾಯಿತಿ 1980ರ ಅರಣ್ಯ ಸಂರಕ್ಷಣಾ ಕಾಯ್ದೆಗೆ ಮಾತ್ರ. ಜಾಗ ಅಭಯಾರಣ್ಯದೊಳಗಿದ್ದರೆ ವನ್ಯಜೀವಿ ಕಾಯ್ದೆಯ ಅನುಮತಿ ಬೇರೆಯೇ ಬೇಕು.

ಪ್ರಶ್ನೆ: ನಮ್ಮೂರಿನ ಹುಡುಗರು ಅಮೆರಿಕದಲ್ಲಿದ್ದಾರೆ. ಶಾಲಾ ಟ್ರಸ್ಟಿಗೆ ಹಣ ಕಳಿಸುತ್ತಾರಂತೆ, ಅವರು ಹಾಕಿದಷ್ಟೇ ಹಣವನ್ನು ಅವರ ಕಂಪನಿಯೂ ಹಾಕುತ್ತದಂತೆ. ತೆಗೆದುಕೊಳ್ಳಬಹುದೇ?

ಉತ್ತರ: ಮೊದಲು ಪಾಸ್‌ಪೋರ್ಟ್ ಯಾವ ದೇಶದ್ದೆಂದು ಕೇಳಿ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಪಾಸ್‌ಪೋರ್ಟಿನ ಪ್ರತಿ, ಖಾತೆಯ ವಿವರ ಪಡೆದು ರಸೀದಿ ಕೊಡಿ. ಅಲ್ಲಿನ ಪೌರತ್ವ ಪಡೆದವರಾದರೆ, ಒಸಿಐ (ಸಾಗರೋತ್ತರ ಭಾರತೀಯ ಪೌರ) ಕಾರ್ಡ್ ಇದ್ದರೂ, ಊರಿಗೆ ಬಂದು ರೂಪಾಯಿಯಲ್ಲೇ ಕೊಟ್ಟರೂ, ಅದು ವಿದೇಶಿ ದೇಣಿಗೆಯೇ. ಅಮೆರಿಕದ ಕಂಪನಿ ಸೇರಿಸುವ ಹಣವೂ ಅಷ್ಟೆ. ಅದಕ್ಕೆ 2010ರ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಅಥವಾ ಪೂರ್ವಾನುಮತಿ ಬೇಕು. ನೋಂದಣಿಗೆ ಮೂರು ವರ್ಷದ ಅಸ್ತಿತ್ವ, ಆ ಮೂರು ವರ್ಷದಲ್ಲಿ ಉದ್ದೇಶಿತ ಕೆಲಸಕ್ಕೆ ₹15 ಲಕ್ಷ ಖರ್ಚು ತೋರಿಸಬೇಕು. ಹಣ ಮೊದಲು ಇಳಿಯಬೇಕಾದ್ದು ಸ್ಟೇಟ್ ಬ್ಯಾಂಕಿನ ದೆಹಲಿ ಮುಖ್ಯ ಶಾಖೆಯ ಖಾತೆಗೆ. 2020ರ ತಿದ್ದುಪಡಿಯ ನಂತರ ಹೀಗೆ ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ನೋಂದಣಿ ಇರುವ ಬೇರೆ ಟ್ರಸ್ಟಿನ ಖಾತೆಗೆ ಹಾಕಿಸಿ ಅಲ್ಲಿಂದ ತರಿಸಿಕೊಳ್ಳುವ ಹಳೆಯ ದಾರಿ ಹಾಗಾಗಿ ಮುಚ್ಚಿದೆ. ಸಣ್ಣ ಶಾಲಾ ಟ್ರಸ್ಟಿಗೆ ನಮ್ಮ ಸಲಹೆ: ಭಾರತೀಯ ಪೌರರ ಹಣವನ್ನಷ್ಟೇ ಪಡೆಯಿರಿ, ಉಳಿದವರಿಗೆ ವಿನಯದಿಂದ ಕಾರಣ ಹೇಳಿ.

ಪ್ರಶ್ನೆ: ಸುಸ್ಥಿರ ಅಭಿವೃದ್ಧಿ ಗುರಿಗಳು, ಜಾಗತಿಕ ಪಾಲುದಾರಿಕೆ ಎಂದೆಲ್ಲ ಭಾಷಣ ಕೇಳುತ್ತೇವೆ. ಸೊರಬದಂಥ ತಾಲ್ಲೂಕಿಗೆ ಇದರಿಂದೇನು? ಕಂಪನಿ, ಸರ್ಕಾರ ಕೈಸೇರಿಸಿದಾಗ ನಷ್ಟವಾಗಿದ್ದು ರೈತನಿಗೇ ಅಲ್ಲವೇ?

ಉತ್ತರ: ನಿಮ್ಮ ತಾಲ್ಲೂಕಿನಿಂದಲೇ ಶುರುಮಾಡೋಣ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನ ಜ್ವರ ಬಿದ್ದರು. ಅದೇ ಮಂಗನ ಕಾಯಿಲೆ. ಅದರ ವೈರಾಣು ಯಾವುದೆಂದು ಗುರುತಿಸಿದ್ದು ಪುಣೆಯ ವೈರಾಣು ಸಂಶೋಧನಾ ಕೇಂದ್ರ. ಆ ಕೇಂದ್ರವನ್ನು 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಸೇರಿ ಕಟ್ಟಿದ್ದವು. ಕಾಡಿಗೆ ಹೋಗುವವರು ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳುವ ಡೆಪಾ ತೈಲವೂ ಪ್ರಯೋಗಾಲಯದಿಂದ ಬಂದದ್ದೇ, ರಕ್ಷಣಾ ಸಂಶೋಧನಾ ಸಂಸ್ಥೆಯದು. ಆದರೆ ತೈಲ ಬಾಟಲಿಯಲ್ಲಿದ್ದರೆ ಫಲವಿಲ್ಲ. ಡಿಸೆಂಬರ್‌ನಿಂದ ಮೇವರೆಗೆ ಸೊಪ್ಪು, ದರಗು (ಒಣ ಎಲೆ) ತರಲು ಹೋಗುವವರ ಕೈಗೆ ಅದನ್ನು ಮುಟ್ಟಿಸುವವರು ಆಶಾ ಕಾರ್ಯಕರ್ತೆಯರು. ಸತ್ತ ಮಂಗ ಕಂಡರೆ ಅದನ್ನು ಮುಟ್ಟದೆ, ಅದೇ ದಿನ ಆಸ್ಪತ್ರೆಗೆ ತಿಳಿಸಬೇಕಾದವರು ಊರಿನವರು. ಈ ಸರಪಳಿಯಲ್ಲಿ ಕೊನೆಯ ಕೊಂಡಿ ಕಳಚಿದರೆ ಪುಣೆಯ ವಿಜ್ಞಾನವೂ ಸೋಲುತ್ತದೆ.

ನಿಮ್ಮ ಎರಡನೇ ಮಾತೂ ಸತ್ಯ. 1984ರಲ್ಲಿ ರಾಜ್ಯದ ಅರಣ್ಯ ಅಭಿವೃದ್ಧಿ ನಿಗಮ ಮತ್ತು ಮರದ ತಿರುಳಿನ ಕಾರ್ಖಾನೆ ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಕಂಪನಿ ಕಟ್ಟಿದವು. ಶಿವಮೊಗ್ಗವೂ ಸೇರಿ ಹಲವು ಜಿಲ್ಲೆಗಳ ಸುಮಾರು 30 ಸಾವಿರ ಹೆಕ್ಟೇರ್ ಸಿ ಮತ್ತು ಡಿ ದರ್ಜೆ (ಸಾಗುವಳಿಗೆ ಬಾರದ ಸರ್ಕಾರಿ) ಜಮೀನಿನಲ್ಲಿ ನೀಲಗಿರಿ ಬೆಳೆಸುವುದು ಉದ್ದೇಶ. ಅದು ದನ ಮೇಯುವ, ಸೌದೆ ಆಯುವ ಜಾಗ. ಊರಿನವರನ್ನು ಯಾರೂ ಕೇಳಲಿಲ್ಲ. ಸಮಾಜ ಪರಿವರ್ತನ ಸಮುದಾಯ ಮತ್ತು ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಹೋದರು, 1987ರ ನವೆಂಬರ್ 14ರಂದು ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ನೀಲಗಿರಿ ಕಿತ್ತು ಊರಿಗೆ ಬೇಕಾದ ಗಿಡ ನೆಡುವ 'ಕಿತ್ತಿಕೋ ಹಚ್ಚಿಕೋ' ನಡೆಯಿತು, 1991ರ ಹೊತ್ತಿಗೆ ಆ ಕಂಪನಿ ಮುಚ್ಚುವಂತಾಯಿತು. ಸರ್ಕಾರವೂ ಇತ್ತು, ಉದ್ಯಮವೂ ಇತ್ತು. ಮೂರನೆಯವರಿಗೆ ಕುರ್ಚಿಯೇ ಇರಲಿಲ್ಲ.

2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ 17 ಗುರಿಗಳಲ್ಲಿ ಕೊನೆಯದು ಪಾಲುದಾರಿಕೆಯ ಕುರಿತದ್ದು. ಅದರ 17.17ನೇ ಅಂಶ ಸರ್ಕಾರ, ಖಾಸಗಿ ವಲಯದ ಜೊತೆ ನಾಗರಿಕ ಸಮಾಜವನ್ನೂ ಹೆಸರಿಸುತ್ತದೆ. ಹೆಸರಿಸಿದ ಮಾತ್ರಕ್ಕೆ ಬಲ ಬರುವುದಿಲ್ಲ, ಮತ ಕೊಟ್ಟರೆ ಬರುತ್ತದೆ. ಏಡ್ಸ್, ಕ್ಷಯ, ಮಲೇರಿಯಾಕ್ಕಾಗಿ 2002ರಲ್ಲಿ ಶುರುವಾದ ಗ್ಲೋಬಲ್ ಫಂಡ್ ನೋಡಿ. ಮಂಡಳಿಯಲ್ಲಿ 20 ಮತ. ಹಣ ಕೊಡುವವರ ಕಡೆ ಹತ್ತು, ಅದರಲ್ಲಿ ಒಂದು ಖಾಸಗಿ ಉದ್ಯಮದ್ದು. ಕೆಲಸ ಮಾಡುವವರ ಕಡೆ ಹತ್ತು, ಅದರಲ್ಲಿ ಎರಡು ಸ್ವಯಂಸೇವಾ ಸಂಸ್ಥೆಗಳದ್ದು, ಒಂದು ರೋಗದೊಡನೆ ಬದುಕುವ ಸಮುದಾಯಗಳದ್ದು. ಒಮ್ಮತ ಬಾರದೆ ಮತಕ್ಕೆ ಹಾಕಿದರೆ ಎರಡೂ ಕಡೆ ಬೇರೆಬೇರೆಯಾಗಿ ಮೂರನೇ ಎರಡು ಪಾಲು ಬೀಳಬೇಕು. ಹಣದ ಕಡೆಯವರು ಒಟ್ಟಾದರೂ ಇನ್ನೊಂದು ಕಡೆ ಒಪ್ಪದೆ ಏನೂ ನಡೆಯದು.

ಇದನ್ನೇ ಊರಿನ ಸಮಿತಿಗೆ ತನ್ನಿ. ನೀರು ಸಮಿತಿಯಲ್ಲಿ ಅರ್ಧ ಮಹಿಳೆಯರು ಇರಬೇಕೆಂಬುದು ಜಲಜೀವನ್ ನಿಯಮ; ಅದರ ಮೇಲೆ ನೀವೊಂದು ಸಾಲು ಸೇರಿಸಿ. ಜಾಗ, ದರ, ಗುತ್ತಿಗೆದಾರ ಈ ಮೂರು ವಿಷಯಗಳಲ್ಲಿ ಪಂಚಾಯಿತಿ–ಕಂಪನಿ ಒಂದು ಗುಂಪು, ನೀರು ಬಳಸುವವರು ಇನ್ನೊಂದು ಗುಂಪು. ಎರಡರಲ್ಲೂ ಬಹುಮತ ಬರದೆ ನಿರ್ಧಾರವಿಲ್ಲ. ಕೊನೆಯ ಕಂತಿನ ಬಿಲ್ಲಿಗೆ ಬಳಕೆದಾರರ ಪರವಾಗಿ ಇಬ್ಬರ ಸಹಿ ಇರಲಿ, ಅವರಲ್ಲೊಬ್ಬರ ಮನೆ ಪೈಪಿನ ತುದಿಯಲ್ಲಿರಲಿ. ನೀರು ಏರದಿದ್ದರೆ ಮೊದಲು ತಿಳಿಯುವುದು ಆ ಮನೆಗೇ.

ಪ್ರಶ್ನೆ: ಟ್ಯಾಂಕಿನ ಮೇಲೆ ಕಂಪನಿಯ ಹೆಸರು ಬರೆಸಬಹುದೇ? (ರಿಪ್ಪನ್‌ಪೇಟೆ)

ಉತ್ತರ: ಕೊಟ್ಟವರ ಹೆಸರಿನ ಸಣ್ಣ ಫಲಕ ಹಾಕಬಹುದು. ಅವರ ಸರಕಿನ ಜಾಹೀರಾತು ಬರೆಸಿದರೆ, ಮಾರಾಟದ ಲಾಭಕ್ಕೆ ಮಾಡಿದ ಪ್ರಾಯೋಜಕತ್ವವೆಂದಾಗಿ ಆ ಖರ್ಚು ಸಿಎಸ್‌ಆರ್ ಲೆಕ್ಕಕ್ಕೆ ಸೇರದೆ ಹೋಗಬಹುದು. ಫಲಕದಲ್ಲಿ ಕೆಲಸದ ಮೊತ್ತ, ಮುಗಿದ ತಾರೀಕು, ಆಸ್ತಿ ಯಾರದ್ದು ಎಂಬುದೂ ಇರಲಿ. ಕೆಟ್ಟಾಗ ಫೋನ್ ಮಾಡಬೇಕಾದ ಪಂಚಾಯಿತಿ ಕಚೇರಿಯ ನಂಬರನ್ನು ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ, ಮಳೆಗೆ ಅಳಿಸದ ಬಣ್ಣದಲ್ಲಿ ಬರೆಸಿ.